ವಯನಾಡು ಜಿಲ್ಲೆ: ಭೂಗೋಳ, ಚರಿತ್ರೆ, ಜನ

ವಯನಾಡು ಉತ್ತರ ಕೇರಳದಲ್ಲಿ ಪಶ್ಚಿಮ ಘಟ್ಟದ ನೆತ್ತಿಯ ಮೇಲಿರುವ ಜಿಲ್ಲೆ. ಕೋಳಿಕ್ಕೋಡು ಮತ್ತು ಕಣ್ಣೂರು ಜಿಲ್ಲೆಗಳ ಭಾಗಗಳನ್ನು ಬೇರ್ಪಡಿಸಿ 1980ರ ನವೆಂಬರ್ 1ರಂದು ಇದನ್ನು ರಚಿಸಲಾಯಿತು. ವಿಸ್ತೀರ್ಣ ಸುಮಾರು 2,131 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 8,17,420. ಕಲ್ಪೆಟ್ಟ ಜಿಲ್ಲಾ ಕೇಂದ್ರ. ವೈತ್ತಿರಿ, ಮಾನಂದವಾಡಿ, ಸುಲ್ತಾನ್ ಬತ್ತೇರಿ ಎಂಬ ಮೂರು ತಾಲ್ಲೂಕುಗಳಿವೆ. ಕರ್ನಾಟಕದ ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳೂ ತಮಿಳುನಾಡಿನ ನೀಲಗಿರಿಯೂ ಇದರ ನೆರೆಯವು.

ಆಡಳಿತದಲ್ಲಿ ಮಲಬಾರಿಗೆ ಸೇರಿದ್ದರೂ ನೆಲದ ರಚನೆಯಲ್ಲಿ ವಯನಾಡು ಮೈಸೂರು ಪ್ರಸ್ಥಭೂಮಿಯ ಮುಂದುವರಿಕೆ. ಪಶ್ಚಿಮದಲ್ಲಿ ಕರಾವಳಿಯ ಕಡೆಗೆ ಕಡಿದಾಗಿ ಇಳಿಯುವ ಘಟ್ಟದ ಅಂಚಿದ್ದು, ಅಲ್ಲಿಂದ ನೆಲ ಪೂರ್ವಕ್ಕೆ ನಿಧಾನವಾಗಿ ವಾಲುತ್ತದೆ. ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡಿ ಕಬಿನಿಯಾಗಿ ಕರ್ನಾಟಕವನ್ನು ಹೊಕ್ಕು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತವೆ. ಘಟ್ಟದ ತಲೆಯಲ್ಲಿರುವ ಲಕ್ಕಿಡಿಯಲ್ಲಿ ಜಡಿಮಳೆ ಸುರಿಯುತ್ತಿರುವಾಗ ಪೂರ್ವದ ಪುಲ್ಪಳ್ಳಿ ಸೀಮೆ ಮಳೆಯ ನೆರಳಿನಲ್ಲಿ ಉಳಿಯುವುದುಂಟು. ಸುಮಾರು 2,100 ಮೀಟರ್ ಎತ್ತರದ ಚೆಂಬ್ರ ಬೆಟ್ಟವನ್ನು ಜಿಲ್ಲೆಯ ಅತ್ಯುನ್ನತ ಶಿಖರವೆಂದು ಹೇಳುವುದು ರೂಢಿಯಾದರೂ, ಗಡಿಯ ಮೇಲಿರುವ ವೆಳ್ಳರಿಮಲ ಸಾಲಿನ ವಾವುಲ್ ಮಲ ಅದಕ್ಕಿಂತ ಎತ್ತರದ್ದು.

ಅಂಬುಕುತ್ತಿ ಬೆಟ್ಟದ ಎಡಕ್ಕಲ್ ಅನ್ನು ಗುಹೆಯೆಂದು ಕರೆದರೂ ಅದು ವಾಸ್ತವವಾಗಿ ಬಂಡೆಯ ಬಿರುಕು. ಸೀಳಿದ ಎರಡು ಬಂಡೆಗಳ ನಡುವೆ ಮೇಲಿಂದ ಜಾರಿದ ಮತ್ತೊಂದು ಬಂಡೆ ಸಿಕ್ಕಿಕೊಂಡು ಮಾಡಾಗಿದೆ. 1890ರ ದಶಕದಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ ಇದನ್ನು ಪರಿಶೀಲಿಸಿ, 1901ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ವಿವರಗಳನ್ನು ಪ್ರಕಟಿಸಿದನು. ತಲೆಯುಡುಗೆ ತೊಟ್ಟ ಮನುಷ್ಯಾಕೃತಿಗಳು, ಪ್ರಾಣಿಗಳು, ಚಕ್ರದಂಥ ಗುರುತುಗಳು ಒಂದರ ಮೇಲೊಂದು ಒತ್ತೊತ್ತಾಗಿ ಕೊರೆಯಲ್ಪಟ್ಟಿವೆ. ಇವು ನವಶಿಲಾಯುಗದವೆಂಬ ಅಭಿಪ್ರಾಯವೇ ಪ್ರಬಲ. ಅದೇ ಗೋಡೆಯ ಮೇಲಿರುವ ಬ್ರಾಹ್ಮೀ ಬರಹಗಳು ಚಿತ್ರಗಳಿಗಿಂತ ಬಹಳ ಈಚಿನವು. ಅವುಗಳ ಓದಿನ ಬಗ್ಗೆ ಶಾಸನತಜ್ಞ ಹುಲ್ಟ್ಸ್‌ನ ಕಾಲದಿಂದ ಇಂದಿನವರೆಗೂ ಲಿಪಿತಜ್ಞರಲ್ಲಿ ಒಮ್ಮತವಿಲ್ಲ. ಚಿತ್ರ ಮತ್ತು ಬರಹಗಳೆರಡನ್ನೂ ಒಂದೇ ಕಾಲಕ್ಕೆ ಕಟ್ಟಿಹಾಕುವ ಪ್ರವಾಸಿ ಸಾಹಿತ್ಯದ ವಾಡಿಕೆಗೆ ಆಧಾರವಿಲ್ಲ.

ಮಧ್ಯಕಾಲದ ಚರಿತ್ರೆಗೆ ಎರಡು ಕಡೆಯಿಂದ ಬೆಳಕು ಬೀಳುತ್ತದೆ. ಹೆಗ್ಗಡದೇವನಕೋಟೆ ಸೀಮೆಯ ಕನ್ನಡ ಶಾಸನಗಳು 'ಬಯಲ್ನಾಡ'ನ್ನು ಉಲ್ಲೇಖಿಸುತ್ತವೆ. ಬೀರ ಬಯಲ್ನಾಡು, ಛಾಗಿ ಬಯಲ್ನಾಡು ಎಂಬ ಎರಡು ಭಾಗಗಳಿದ್ದ ಈ ನಾಡನ್ನು ಕದಂಬರ ಒಂದು ಶಾಖೆ ಇಂದಿನ ಕಿತ್ತೂರಾದ ಕೀರ್ತಿಪುರದಿಂದ ಆಳುತ್ತಿತ್ತೆಂದು ಬಿ. ಎಲ್. ರೈಸ್ ನಿರೂಪಿಸಿದ್ದಾರೆ. 12ನೇ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನು ಇದನ್ನು ಗೆದ್ದನು. ಇತ್ತ ತಿರುನೆಲ್ಲಿ ದೇವಾಲಯಕ್ಕೆ ಸಂಬಂಧಿಸಿದ ಚೇರ ದೊರೆ ಭಾಸ್ಕರ ರವಿಯ ತಾಮ್ರಶಾಸನಗಳು ಕರಾವಳಿಯ ಅಧಿಕಾರವೂ ಘಟ್ಟ ಹತ್ತಿತ್ತೆಂಬುದಕ್ಕೆ ಸಾಕ್ಷಿ. ಆದುದರಿಂದ ಆ ಕಾಲದ ವಯನಾಡನ್ನು ಯಾವುದಾದರೊಂದೇ ರಾಜ್ಯದ ಮೂಲೆಯೆಂದು ಬರೆಯುವುದು ಸರಿಯಾಗಲಾರದು. ವೇಡ ಅರಸರನ್ನು ಕೋಟ್ಟಯಂ ಮತ್ತು ಕುರುಂಬ್ರನಾಡಿನ ಅರಸರು ಸೋಲಿಸಿ ನಾಡನ್ನು ಪಡೆದರೆಂಬ ಕಥೆಗೆ ಮುಖ್ಯ ಆಕರ ಸಿ. ಗೋಪಾಲನ್ ನಾಯರ್ 1911ರಲ್ಲಿ ಪ್ರಕಟಿಸಿದ ಪುಸ್ತಕ. ಅದು ಐತಿಹ್ಯಗಳ ಸಂಗ್ರಹವೇ ಹೊರತು ಸಮಕಾಲೀನ ದಾಖಲೆಯಲ್ಲ. ಇಲ್ಲಿ ಹೇಳುವ ಕೋಟ್ಟಯಂ ಮಲಬಾರಿನದು, ತಿರುವಾಂಕೂರಿನದಲ್ಲ ಎಂಬುದನ್ನೂ ನೆನಪಿಡಬೇಕು.

ಪೂರ್ವದ ಸಂಬಂಧದ ಕಣ್ಣಿಗೆ ಕಾಣುವ ಕುರುಹುಗಳು ಜೈನರವು. ಬತ್ತೇರಿಯ ಕಲ್ಲಿನ ಬಸದಿಯನ್ನು ಟಿಪ್ಪುವಿನ ಸೇನೆ ಮದ್ದುಗುಂಡಿನ ಉಗ್ರಾಣವಾಗಿ ಬಳಸಿತೆಂದು ಹೇಳಲಾಗುತ್ತದೆ. ಅದಕ್ಕೆ ಮುಂಚೆ ಗಣಪತಿವಟ್ಟಂ ಎನಿಸಿದ್ದ ಊರಿಗೆ ಈಗಿನ ಹೆಸರು ಬಂದದ್ದು ಸುಲ್ತಾನನ ತೋಪುನೆಲೆಯಿಂದ. ಪನಮರಂ ಸಮೀಪದ ಪುಂಜವಯಲಿನ ಎರಡು ಪಾಳುಗುಡಿಗಳನ್ನು ಹಲವರು ಜೈನರವೆಂದು ಎಣಿಸಿದರೂ ಅವು ವಿಷ್ಣುಗುಡಿ, ಜನಾರ್ದನಗುಡಿ ಎಂಬ ಹೆಸರಿನಲ್ಲಿಯೇ ಪ್ರಸಿದ್ಧವಾಗಿವೆ. ಕಲ್ಪೆಟ್ಟ ಬಳಿಯ ಪುಳಿಯಾರ್ಮಲದಲ್ಲಿ ಅನಂತನಾಥ ಬಸದಿ ಇಂದಿಗೂ ಪೂಜೆಯಲ್ಲಿದೆ. ಗೌಡರ್ ಎಂಬ ಉಪನಾಮದ ಇಲ್ಲಿನ ಜೈನ ಕುಟುಂಬಗಳ ಮೂಲ ಕರ್ನಾಟಕದ್ದು. ಮಲಯಾಳಂ ಲೇಖಕರೂ 'ಮಾತೃಭೂಮಿ' ಪತ್ರಿಕೆಯ ಮುಖ್ಯಸ್ಥರೂ ಆಗಿದ್ದ ಎಂ. ಪಿ. ವೀರೇಂದ್ರಕುಮಾರ್ (1936–2020) ಈ ಸಮುದಾಯದವರು.

ಮೈಸೂರು ಆಳ್ವಿಕೆಯ ಕೊನೆಯ ವರ್ಷಗಳ ಬಗ್ಗೆ ಪುಸ್ತಕಗಳು ಒಂದೊಂದು ರೀತಿ ಹೇಳುವುದಕ್ಕೆ ಅಂದಿನ ದಾಖಲೆಗಳೇ ಕಾರಣ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಮಲಬಾರು ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ವಯನಾಡೂ ಅದರೊಳಗೆ ಬಂತೆಂದು ಕಂಪನಿಯ ಸ್ಥಳೀಯ ಅಧಿಕಾರಿಗಳು ನಡೆದುಕೊಂಡರು. ಆದರೆ 1798ರಲ್ಲಿ ಗವರ್ನರ್ ಜನರಲ್ ಮಾರ್ನಿಂಗ್ಟನ್, ವಯನಾಡನ್ನು ಟಿಪ್ಪು ಬಿಟ್ಟುಕೊಟ್ಟಿರಲಿಲ್ಲವೆಂದು ಘೋಷಣೆ ಹೊರಡಿಸಿದನು. ಟಿಪ್ಪುವಿನ ಪತನದ ನಂತರವೂ ಗೊಂದಲ ತೀರದೆ, 1803ರ ಡಿಸೆಂಬರ್ 29ರ ಪೂರಕ ಒಪ್ಪಂದದಲ್ಲಿ ಮೈಸೂರಿನೊಡನೆ ಪ್ರದೇಶಗಳನ್ನು ಅದಲುಬದಲು ಮಾಡಿಕೊಂಡಾಗಷ್ಟೇ ಕಂಪನಿಯ ಹಕ್ಕು ಇತ್ಯರ್ಥವಾಯಿತು. ನಡುವಿನ ಹನ್ನೊಂದು ವರ್ಷ ವಯನಾಡಿನ ಒಡೆತನವೇ ವಿವಾದದಲ್ಲಿತ್ತು; ಕೋಟ್ಟಯಂ ವಂಶದ ಕೇರಳವರ್ಮ ಪಳಶ್ಶಿರಾಜನು ಈ ನಾಡಿನ ಮೇಲೆ ಹಕ್ಕು ಸಾಧಿಸಿ ಹೋರಾಡಿದ್ದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕಾಗುತ್ತದೆ.

ಪಳಶ್ಶಿಯ ದಂಗೆಯ ಕಥೆ ಸುಪರಿಚಿತ. 1802ರ ಅಕ್ಟೋಬರ್‌ನಲ್ಲಿ ಎಡಚ್ಚೇನ ಕುಂಗನ್ ಮತ್ತು ಕುರಿಚ್ಯರ ನಾಯಕ ತಲಕ್ಕಲ್ ಚಂದುವಿನ ಪಡೆ ಪನಮರಂ ಠಾಣ್ಯವನ್ನು ನಾಶಮಾಡಿತು. 1805ರಲ್ಲಿ ಚಂದುವನ್ನು ಹಿಡಿದು ಕೊಲ್ಲಲಾಯಿತು. ಅದೇ ವರ್ಷ ನವೆಂಬರ್ 30ರಂದು ಪುಲ್ಪಳ್ಳಿಯ ಹತ್ತಿರ, ಕರ್ನಾಟಕದ ಗಡಿಯ ಮಗ್ಗುಲಿನ ಮಾವಿಲಾಂತೋಡಿನಲ್ಲಿ ರಾಜನು ಮಡಿದನು. ಸಬ್ ಕಲೆಕ್ಟರ್ ಟಿ. ಎಚ್. ಬೇಬರನ ವರದಿಯ ಪ್ರಕಾರ ಅವನು ಗುಂಡೇಟಿನಿಂದ ಸತ್ತನು. ಸೆರೆಸಿಕ್ಕುವ ಬದಲು ವಜ್ರ ನುಂಗಿ ಪ್ರಾಣ ಬಿಟ್ಟನೆಂಬುದು ಜನಪರಂಪರೆಯ ಮಾತು. ಬೇಬರ್ ಸ್ವತಃ ಕಾರ್ಯಾಚರಣೆಯಲ್ಲಿದ್ದವನಾದ್ದರಿಂದ ಅವನ ವರದಿಗೆ ತೂಕ ಹೆಚ್ಚು. ಗೆಲುವಿನ ಶ್ರೇಯಸ್ಸಿಗೆ ಹಕ್ಕುದಾರನೂ ಅವನೇ ಎಂಬ ಕಾರಣಕ್ಕೆ ವಿವಾದ ನಿಂತಿಲ್ಲ. ಸಮಾಧಿ ಮಾನಂದವಾಡಿಯಲ್ಲಿದೆ. ಧಾನ್ಯದ ಬದಲು ನಗದಿನಲ್ಲಿ ಕಂದಾಯ ಕೇಳಿದ್ದಕ್ಕೆ 1812ರಲ್ಲಿ ಕುರಿಚ್ಯರು ಮತ್ತು ಕುರುಮರು ಎದ್ದ ದಂಗೆ ಇಷ್ಟೊಂದು ಪ್ರಸಿದ್ಧವಾಗಲಿಲ್ಲ. ನೇರ ಆರ್ಥಿಕ ಕಾರಣದಿಂದ ಮೂಲನಿವಾಸಿಗಳೇ ಮುಂದೆ ನಿಂತು ನಡೆಸಿದ ಹೋರಾಟವಾದ್ದರಿಂದ ಅದಕ್ಕೆ ಹೆಚ್ಚಿನ ಸ್ಥಾನ ಸಲ್ಲಬೇಕು.

ತಾಮರಶ್ಶೇರಿ ಘಟ್ಟದ ಹಾದಿಯನ್ನು ಬ್ರಿಟಿಷ್ ಎಂಜಿನಿಯರನಿಗೆ ತೋರಿಸಿಕೊಟ್ಟು ಅವನಿಂದಲೇ ಕೊಲೆಯಾದನೆನ್ನಲಾದ ಪಣಿಯ ಯುವಕ ಕರಿಂತಂಡನ್ ಐತಿಹ್ಯದ ವ್ಯಕ್ತಿ. ಅವನ ಪ್ರೇತವನ್ನು ಕಟ್ಟಿದ್ದೆಂದು ಹೇಳುವ ಸರಪಳಿ ಮರ ಲಕ್ಕಿಡಿಯಲ್ಲಿದೆ. 19ನೇ ಶತಮಾನದಲ್ಲಿ ಕಾಫಿ ತೋಟಗಳು ಹರಡಿ, ಆಮೇಲೆ ಚಹಾ ಬಂತು. 1880ರ ಸುಮಾರಿನ 'ವಯನಾಡಿನ ಚಿನ್ನದ ಹುಚ್ಚು' ಲಂಡನ್ನಿನ ಷೇರುಪೇಟೆಯನ್ನು ಕುದಿಸಿ ಕೆಲವೇ ವರ್ಷಗಳಲ್ಲಿ ತಣ್ಣಗಾಯಿತು. ಇದನ್ನು ಇಂದಿನ ಜಿಲ್ಲೆಯ ಚರಿತ್ರೆಗೆ ಸೇರಿಸುವುದು ಸಾಮಾನ್ಯವಾದರೂ, ಗಣಿಗಳಿದ್ದ ದೇವಾಲ, ಪಂದಲೂರು ಭಾಗಗಳು ಆಗ್ನೇಯ ವಯನಾಡಿನವು. 1877ರಲ್ಲಿಯೇ ನೀಲಗಿರಿಗೆ ವರ್ಗವಾದ ಆ ಪ್ರದೇಶ ಇಂದು ತಮಿಳುನಾಡಿನಲ್ಲಿದೆ.

ಕೇರಳದಲ್ಲಿ ಪರಿಶಿಷ್ಟ ಪಂಗಡದವರು ಅತಿ ಹೆಚ್ಚಾಗಿರುವ ಜಿಲ್ಲೆ ವಯನಾಡು. 2011ರಲ್ಲಿ ಅವರ ಪಾಲು ಶೇಕಡಾ 18.5. ಪಣಿಯರು ಸಂಖ್ಯೆಯಲ್ಲಿ ಎಲ್ಲರಿಗಿಂತ ಹೆಚ್ಚು. ಕುರಿಚ್ಯರೂ ಮುಳ್ಳುಕುರುಮರೂ ಭೂಮಿಯುಳ್ಳ ಬೇಸಾಯಗಾರರು. ಇಲ್ಲಿ ಅಡಿಯರೆನಿಸಿದ ರಾವುಳರೇ ಕೊಡಗಿನಲ್ಲಿ ಯರವರು. ಕಾಡಿನ ಜೇನು, ಕಿರು ಉತ್ಪನ್ನಗಳನ್ನು ನೆಚ್ಚಿದ ಕಾಟ್ಟುನಾಯ್ಕರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಪಣಿಯರು ಮತ್ತು ಅಡಿಯರು ಬಹುಕಾಲ ಜೀತದಲ್ಲಿದ್ದರು. ಮಾನಂದವಾಡಿ ಬಳಿಯ ವಳ್ಳಿಯೂರ್ಕಾವಿನ ಜಾತ್ರೆಯಲ್ಲಿ ಜಮೀನುದಾರರು 'ನಿಲ್ಪು ಪಣಂ' ಎಂಬ ಮುಂಗಡ ಕೊಟ್ಟು, ದೇವಿಯ ಆಣೆ ಹಾಕಿಸಿ, ಇಡೀ ಕುಟುಂಬವನ್ನು ಒಂದು ವರ್ಷಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದರು. ದಿನಗೂಲಿಯಾಗಿ ಅಳೆದು ಕೊಡುತ್ತಿದ್ದ ಭತ್ತಕ್ಕೆ 'ವಲ್ಲಿ' ಎನ್ನುತ್ತಿದ್ದರು. 1976ರ ಕೇಂದ್ರ ಕಾನೂನು ಜೀತವನ್ನು ರದ್ದುಗೊಳಿಸಿತು.

ಜನಸಂಖ್ಯೆಯ ಚಹರೆ ಬದಲಾದದ್ದು 1940ರ ದಶಕದಿಂದ. ನಿವೃತ್ತ ಸೈನಿಕರಿಗೆ ಅಂಬಲವಯಲ್ ಸುತ್ತ ಭೂಮಿ ಹಂಚಿದ್ದು, ಮಲೇರಿಯಾ ಹತೋಟಿಗೆ ಬಂದದ್ದು, ತಿರುವಾಂಕೂರಿನಿಂದ ಕ್ರೈಸ್ತ ರೈತರು ತಂಡತಂಡವಾಗಿ ಘಟ್ಟ ಹತ್ತಿದ್ದು, ಇವೆಲ್ಲ ಸೇರಿ ಗದ್ದೆಗಳೂ ಕಾಡುಗಳೂ ಮೆಣಸು, ಕಾಫಿ, ಶುಂಠಿಯ ನೆಲವಾದವು. ಒಂದೆರಡು ತಲೆಮಾರಿನಲ್ಲಿ ಮೂಲನಿವಾಸಿಗಳು ಅಲ್ಪಸಂಖ್ಯಾತರಾದರು. ಇತ್ತೀಚಿನ ದಶಕಗಳ ರಾಜಕೀಯ ಘಟನೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಭೂಮಿಯ ಪ್ರಶ್ನೆಗೆ ಹೊಂದಿಕೊಂಡಿವೆ. ಅಡಿಯರನ್ನು ಸಂಘಟಿಸಿದ ನಕ್ಸಲ್ ನಾಯಕ ಎ. ವರ್ಗೀಸ್ 1970ರ ಫೆಬ್ರವರಿ 18ರಂದು ತಿರುನೆಲ್ಲಿಯಲ್ಲಿ ಹತನಾದದ್ದನ್ನು ಪೊಲೀಸರು ಎನ್‌ಕೌಂಟರ್ ಎಂದರು. ತಾನೇ ಆಜ್ಞೆಯ ಮೇರೆಗೆ ಗುಂಡಿಟ್ಟೆನೆಂದು ಪೊಲೀಸ್ ಸಿಬ್ಬಂದಿಯೊಬ್ಬರು 1998ರಲ್ಲಿ ಹೇಳಿದ ಮೇಲೆ ಮೊಕದ್ದಮೆ ನಡೆದು, 2010ರಲ್ಲಿ ನಿವೃತ್ತ ಹಿರಿಯ ಅಧಿಕಾರಿಗೆ ಶಿಕ್ಷೆಯಾಯಿತು. ಆದಿವಾಸಿಗಳ ಕೈತಪ್ಪಿದ ಭೂಮಿಯನ್ನು ಮರಳಿಸುವ 1975ರ ರಾಜ್ಯ ಕಾನೂನು ಜಾರಿಯಾಗದೆ ಉಳಿಯಿತು. 2003ರ ಆರಂಭದಲ್ಲಿ ಸಿ. ಕೆ. ಜಾನು, ಎಂ. ಗೀತಾನಂದನ್ ನೇತೃತ್ವದಲ್ಲಿ ಮುತ್ತಂಗ ಕಾಡಿನಲ್ಲಿ ಗುಡಿಸಲು ಹಾಕಿದ್ದ ಆದಿವಾಸಿಗಳ ಮೇಲೆ ಫೆಬ್ರವರಿ 19ರಂದು ಪೊಲೀಸರು ಗುಂಡು ಹಾರಿಸಿದರು. ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಸತ್ತರು.

ಮುತ್ತಂಗ ಸೇರಿದ ವಯನಾಡು ವನ್ಯಧಾಮ (1973) ಬಂಡೀಪುರ, ನಾಗರಹೊಳೆ, ಮುದುಮಲೆಗಳೊಡನೆ ಒಂದೇ ಕಾಡಾಗಿ ಹಬ್ಬಿದ್ದು, ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ಇರುವ ರಾತ್ರಿ ಸಂಚಾರ ನಿಷೇಧ ಎರಡು ರಾಜ್ಯಗಳ ನಡುವೆ ಬಗೆಹರಿಯದ ವಿಷಯ. ರೈಲು ಇಲ್ಲದ ಜಿಲ್ಲೆಗೆ ಈ ರಸ್ತೆಯೇ ಮೈಸೂರಿನ ಮುಖ್ಯ ಬಾಗಿಲು. ವಯನಾಡಿನ ಬೆಳೆಗಾರರು ಕೊಡಗು, ಮೈಸೂರು ಸೀಮೆಯಲ್ಲಿ ಗುತ್ತಿಗೆಗೆ ಜಮೀನು ಹಿಡಿದು ಶುಂಠಿ ಬೆಳೆಯುತ್ತಾರೆ. ಪಣಿಯ ಕೂಲಿಗಳೂ ಅವರ ಹಿಂದೆ ಗಡಿ ದಾಟುತ್ತಾರೆ.

ಪೂರ್ವಕ್ಕೆ ಹರಿಯುವ ಈ ನಾಡಿನಲ್ಲಿ ಮೇಪ್ಪಾಡಿಯ ಬೆಟ್ಟಗಳ ನೀರು ಮಾತ್ರ ಪಶ್ಚಿಮದ ಚಾಲಿಯಾರಿಗೆ ಇಳಿಯುತ್ತದೆ. 2019ರ ಆಗಸ್ಟ್ 8ರಂದು ಪುತ್ತುಮಲದಲ್ಲಿಯೂ 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್ಮಲಗಳಲ್ಲಿಯೂ ಗುಡ್ಡ ಕುಸಿದದ್ದು ಈ ಕಡಿದಾದ ಅಂಚಿನಲ್ಲಿ. ಎರಡನೆಯದರಲ್ಲಿ 250ಕ್ಕೂ ಹೆಚ್ಚು ಜನ ಸತ್ತರು, ಅನೇಕರು ಪತ್ತೆಯಾಗಲಿಲ್ಲ. ಹಲವು ಶವಗಳು ಮಲಪ್ಪುರಂ ಜಿಲ್ಲೆಯ ನಿಲಂಬೂರು ಭಾಗದವರೆಗೆ ಚಾಲಿಯಾರಿನಲ್ಲಿ ತೇಲಿಹೋಗಿದ್ದವು. ಮನೆ ಕಳೆದುಕೊಂಡವರಿಗಾಗಿ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನ ಜಾಗದಲ್ಲಿ ಹೊಸ ವಸತಿ ಪ್ರದೇಶದ ಶಂಕುಸ್ಥಾಪನೆ 2025ರ ಮಾರ್ಚ್ 27ರಂದು ನಡೆಯಿತು.