ಹುಲಿಯ ಚಿತ್ರಕ್ಕೆ ತೆತ್ತ ಬೆಲೆ

ವನ್ಯಮೃಗಗಳ ಛಾಯಾಗ್ರಹಣವನ್ನು ರಕ್ತಪಾತವಿಲ್ಲದ ಬೇಟೆಯೆಂದು ವರ್ಣಿಸುವುದು ರೂಢಿ. ಪ್ರಾಣಿಯ ಜೀವವೂ ಉಳಿಯುತ್ತದೆ, ಮನುಷ್ಯನ ಕುತೂಹಲವೂ ತಣಿಯುತ್ತದೆ ಎಂಬುದು ಇದರ ತಾತ್ಪರ್ಯ. ಆದರೆ ಈ ಕಲೆಯ ಇತಿಹಾಸವನ್ನು ಪರಿಶೀಲಿಸಿದರೆ, ಅದು ಹಿಂಸೆಯಿಂದ ಒಮ್ಮೆಗೇ ಬಿಡಿಸಿಕೊಂಡು ಬಂದುದಲ್ಲವೆಂಬುದು ವಿದಿತವಾಗುತ್ತದೆ.

20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಕಾರ್ಲ್ ಗೇಯೊರ್ಗ್ ಶಿಲಿಂಗ್ಸ್ ಅವರು ಪೂರ್ವ ಆಫ್ರಿಕದಲ್ಲಿ ರಾತ್ರಿಯ ವೇಳೆ ಸಿಂಹಗಳ ಚಿತ್ರಗಳನ್ನು ತೆಗೆದು ಪ್ರಸಿದ್ಧರಾದರು. ಅವರ ಗ್ರಂಥದ ಹೆಸರಿನಲ್ಲಿಯೇ ಮಿಂಚುಬೆಳಕೂ ಬಂದೂಕೂ ಜೊತೆಯಾಗಿವೆ. ಸಿಂಹವನ್ನು ಸೆಳೆಯಲು ಕ್ಯಾಮರಾದ ಮುಂದೆ ಕತ್ತೆಯನ್ನೋ ಎತ್ತನ್ನೋ ಜೀವಂತವಾಗಿ ಕಟ್ಟಲಾಗುತ್ತಿತ್ತು.

ಭಾರತದಲ್ಲಿ ಬೇರೊಂದು ದಾರಿಯನ್ನು ತೋರಿದವರು ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್. ವಿನೋದಕ್ಕಾಗಿ ಬೇಟೆಯಾಡುವುದು ಅವರಿಗೆ ಒಗ್ಗದು. ಶಿವಾಲಿಕ್ ತಪ್ಪಲಿನ ಕಾಡಿನಲ್ಲಿ ಹುಲಿಯು ಮನುಷ್ಯರು ಮಾಡಿದ ಹಾದಿಗಳಲ್ಲಿಯೇ ಸಂಚರಿಸುವುದನ್ನು ಗಮನಿಸಿ, ಹಾದಿಗೆ ಅಡ್ಡಲಾಗಿ ಸಣ್ಣ ತಂತಿಯೊಂದನ್ನು ಬಿಗಿದರು. ಹುಲಿಯ ಕಾಲು ತಾಗಿದೊಡನೆ ಮೆಗ್ನೀಸಿಯಂ ಪುಡಿ ಉರಿದು ಚಿತ್ರ ಮೂಡುತ್ತಿತ್ತು. ಒಮ್ಮೆ ಪುಡಿ ಉರಿದರೆ ಆ ರಾತ್ರಿಯ ಕೆಲಸ ಮುಗಿಯಿತು. ಹುಲಿಗಿಂತ ಮುಂಚೆ ಮುಳ್ಳುಹಂದಿ ಬಂದರೆ ಅದರ ಚಿತ್ರವೇ ಗತಿ! 1925ರಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ಈ ಚಿತ್ರಗಳನ್ನು ಪ್ರಕಟಿಸಿತು; 1927ರಲ್ಲಿ ಗ್ರಂಥವೂ ಹೊರಬಂದಿತು. ಕತ್ತಲೆಯಲ್ಲಿ ಬೆಳಕು ಸಿಡಿದಾಗ ಮೃಗಕ್ಕೆ ದಿಗಿಲಾಗಿರಬೇಕು, ನಿಜ. ಆದರೂ ಅದು ತನ್ನ ಹಾದಿಯಲ್ಲಿ ತಾನು ನಡೆದುಹೋಗುತ್ತಿತ್ತು. ಬೇಟೆಗಾರ ಜಿಮ್ ಕಾರ್ಬೆಟ್ ಅವರು ಬಂದೂಕಿನಿಂದ ಕ್ಯಾಮರಾದ ಕಡೆಗೆ ತಿರುಗಿದುದು ಚಾಂಪಿಯನ್ನರ ಪ್ರೇರಣೆಯಿಂದಲೇ.

ಇಷ್ಟಾದರೂ ಹಗ್ಗ ಮಾಯವಾಗಲಿಲ್ಲ. ಸ್ವಾತಂತ್ರ್ಯಾನಂತರ ಬೇಟೆ ನಿಂತು ರಾಷ್ಟ್ರೀಯ ಉದ್ಯಾನಗಳು ಬೆಳೆದಾಗ, ಮಧ್ಯಪ್ರದೇಶದ ಕಾನ್ಹಾದಂತಹ ಕಡೆಗಳಲ್ಲಿ ಪ್ರವಾಸಿಗಳಿಗೆ ಹುಲಿಯನ್ನು ತೋರಿಸಲು ಎಮ್ಮೆಯ ಕರುಗಳನ್ನು ಕಟ್ಟುವ ಪದ್ಧತಿಯಿತ್ತು. 1980ರ ದಶಕದ ಆದಿಯಲ್ಲಿ ಅದು ನಿಂತಿತು. ಹುಲಿ ಹೇಗೂ ಆ ರಾತ್ರಿ ಜಿಂಕೆಯನ್ನಾದರೂ ಕೊಲ್ಲುತ್ತಿತ್ತಲ್ಲವೇ ಎಂಬ ಸಮರ್ಥನೆಯುಂಟು. ಹುಲಿ ಹಸಿವಿನಿಂದ ಕೊಲ್ಲುತ್ತದೆ, ದಿಟ. ಕರುವನ್ನು ಕಟ್ಟಿದವನಿಗಾದರೋ ಹಸಿವಿರಲಿಲ್ಲ. ಓಡುವ ಕಾಲಿದ್ದ ಪ್ರಾಣಿಯ ಓಟವನ್ನು ಕಸಿದುಕೊಂಡು, ತಾನು ಕೊಲ್ಲಲಿಲ್ಲವೆಂದು ಹೇಳುವುದು ಕೇವಲ ಮಾತಿನ ಚಮತ್ಕಾರ. ಕೊಲ್ಲಿಸಿದವನಿಗೂ ಕಂಡು ಮೆಚ್ಚಿದವನಿಗೂ ಅದರಲ್ಲಿ ಪಾಲಿದೆ.

ಚಾಂಪಿಯನ್ನರ ತಂತಿಗೆ ಮುಂದೆ ಕರ್ನಾಟಕದಲ್ಲಿ ಹೊಸ ಅರ್ಥ ದೊರೆಯಿತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲವೆಂಬುದನ್ನು ಅವರು ತಮ್ಮ ಚಿತ್ರಗಳಿಂದಲೇ ಕಂಡುಕೊಂಡಿದ್ದರು. 1990ರ ದಶಕದಲ್ಲಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯ ಹಾದಿಗಳಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳನ್ನಿಟ್ಟು, ಪಟ್ಟೆಗಳ ಆಧಾರದಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ರೂಪಿಸಿ, 1995ರಲ್ಲಿ ಪ್ರಕಟಿಸಿದರು. ಹೆಜ್ಜೆಗುರುತುಗಳನ್ನು ನಂಬಿದ್ದ ಸರ್ಕಾರದ ಗಣತಿಯೂ, 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂಬುದು ಬಯಲಾದ ತರುವಾಯ, ಕ್ಯಾಮರಾದ ಮಾರ್ಗವನ್ನು ಹಿಡಿಯಿತು. ಹುಲಿಯ ಎಡಪಕ್ಕದ ಪಟ್ಟೆಗಳು ಬಲಪಕ್ಕದಂತಿರುವುದಿಲ್ಲ. ಆದುದರಿಂದ ಹಾದಿಯ ಎರಡು ಬದಿಗೂ ಒಂದೊಂದು ಕ್ಯಾಮರಾ ಬೇಕಾಗುತ್ತದೆ. ನಡುವೆ ಏನನ್ನೂ ಕಟ್ಟಬೇಕಾಗಿಲ್ಲ.