ವ್ಯಾಟ್ ಜಾಸ್ತಿ ಇದ್ರೆ ಸದ್ದೂ ಜಾಸ್ತಿನಾ?

"100 ವ್ಯಾಟ್ ತಗೊಳ್ಳಲಾ, 200 ತಗೊಳ್ಳಲಾ?" ಪುಣೆ, ಹೈದರಾಬಾದ್‌ನಲ್ಲಿ ಹೊಸದಾಗಿ ಮನೆ ಮಾಡಿದವರು ಸ್ಪೀಕರ್ ಕೊಳ್ಳೋ ಮುಂಚೆ ನನ್ನನ್ನ ಕೇಳೋ ಮೊದಲ ಪ್ರಶ್ನೆ ಇದೇ. ಉತ್ತರಕ್ಕಾಗಿ ಸುಮಾರು ನೂರು ವರ್ಷ ಹಿಂದಕ್ಕೆ ಹೋಗೋಣ.

1926ರ ಆಗಸ್ಟ್ 6. ನ್ಯೂಯಾರ್ಕಿನ ವಾರ್ನರ್ಸ್ ಥಿಯೇಟರಿನಲ್ಲಿ 'ಡಾನ್ ಹುವಾನ್' ಸಿನಿಮಾ ಧ್ವನಿಮುದ್ರಿತ ಸಂಗೀತದ ಜೊತೆ ತೆರೆ ಕಂಡಿತು. ಆ ಕಾಲದ ಥಿಯೇಟರ್ ಆಂಪ್ಲಿಫೈಯರ್‌ಗಳ ಶಕ್ತಿ ಬರೀ ಹತ್ತಾರು ವ್ಯಾಟ್. ಅಷ್ಟರಲ್ಲೇ ಇಡೀ ಸಭಾಂಗಣ ತುಂಬುತ್ತಿತ್ತು. ಹೇಗೆ?

ಗುಟ್ಟು ಇದ್ದದ್ದು ಕಹಳೆಯಲ್ಲಿ. ವ್ಯಾಟ್ ಅಂದ್ರೆ ಸ್ಪೀಕರಿಗೆ ಹೋಗೋ ವಿದ್ಯುತ್ತು, ಹೊರಗೆ ಬರೋ ಸದ್ದಲ್ಲ. ಅದರಲ್ಲಿ ಹೆಚ್ಚಿನ ಪಾಲು ಒಳಗಿನ ತಂತಿ ಸುರುಳಿಯಲ್ಲೇ ಬಿಸಿಯಾಗಿ ಕಳೆದುಹೋಗುತ್ತೆ. ಬರಿಗೈಯಲ್ಲಿ ಗಾಳಿ ಬೀಸಿ ನೋಡಿ, ಕೈ ಸೋಲುತ್ತೆ, ಗಾಳಿ ಬರಲ್ಲ. ಬೀಸಣಿಗೆ ಹಿಡಿದರೆ ಅದೇ ಕೈಗೆ ಗಾಳಿ ಸಿಗುತ್ತೆ. ಕಹಳೆ ಮಾಡೋದು ಅದೇ ಕೆಲಸ. ಒಳ್ಳೆಯ ಕಹಳೆ ಸ್ಪೀಕರು ಕೊಟ್ಟ ವಿದ್ಯುತ್ತಿನ ಕಾಲು ಭಾಗವನ್ನಾದರೂ ಸದ್ದಾಗಿಸಬಲ್ಲದು.

ಆದರೆ ಅಷ್ಟು ದೊಡ್ಡ ಕಹಳೆಯನ್ನ ಮನೆಯಲ್ಲಿ ಎಲ್ಲಿಡೋದು? 1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್, ಕಹಳೆ ಇಲ್ಲದ ಕಾಗದದ ಶಂಕುವಿನ ಸ್ಪೀಕರಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಇವತ್ತು ಮನೆಮನೆಯಲ್ಲಿರೋದು ಅದರ ವಂಶವೇ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಚಿಕ್ಕ ಮುಚ್ಚಿದ ಪೆಟ್ಟಿಗೆಯಿಂದ ಆಳವಾದ ಬಾಸ್ ತೆಗೆದರು. ಅದಕ್ಕೆ ತೆತ್ತ ಬೆಲೆ ದಕ್ಷತೆ: ಅಂಥ ಪೆಟ್ಟಿಗೆಗಳಲ್ಲಿ 100ರಲ್ಲಿ 1 ಪಾಲು ವಿದ್ಯುತ್ತೂ ಸದ್ದಾಗೋದು ಕಷ್ಟ. ಪೆಟ್ಟಿಗೆ ಚಿಕ್ಕದಾದಷ್ಟೂ ಆಂಪ್ಲಿಫೈಯರ್ ದೊಡ್ಡದಾಗಬೇಕಾಯ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ವ್ಯಾಟ್ ಅಗ್ಗವಾಯ್ತು, ಜಾಹೀರಾತಿಗೂ ಏರಿತು.

ಅಲ್ಲಿಂದ ಶುರುವಾಯ್ತು ಅಂಕಿಗಳ ಜಂಬ. ಒಬ್ಬೊಬ್ಬರು ಒಂದೊಂದು ಥರ ಅಳೆದು ದೊಡ್ಡ ಸಂಖ್ಯೆ ಬರೆಯತೊಡಗಿದಾಗ, 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವ್ಯಾಟ್ ಹೇಳೋಕೆ ಒಂದು ನಿಯಮವನ್ನೇ ತರಬೇಕಾಯ್ತು. ನಮ್ಮ ಅಂಗಡಿಗಳಲ್ಲಿ 'ಪಿಎಂಪಿಒ' ಅಂತ ಸಾವಿರಾರು ವ್ಯಾಟ್ ಬರೆದ ಪೆಟ್ಟಿಗೆಗಳನ್ನ ನೀವೂ ನೋಡಿರ್ತೀರಿ. ಅಂಥದರ ಅಡಾಪ್ಟರ್ ತಿರುಗಿಸಿ ನೋಡಿ. 12 ವೋಲ್ಟ್, 2 ಆಂಪಿಯರ್ ಅಂತಿದ್ರೆ ಒಳಗೆ ಹೋಗೋದೇ 24 ವ್ಯಾಟ್. ಸಾವಿರ ಎಲ್ಲಿಂದ ಬರಬೇಕು?

ನಮ್ಮ ಕಿವಿಯ ಲೆಕ್ಕವೂ ಬೇರೆ. ವ್ಯಾಟ್ ದುಪ್ಪಟ್ಟಾದರೆ ಹೆಚ್ಚೋದು 3 ಡೆಸಿಬಲ್ ಮಾತ್ರ. ಸದ್ದು ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಟೀಮಿಗೆ ಇಬ್ಬರನ್ನ ಸೇರಿಸಿದ ಮಾತ್ರಕ್ಕೆ ರಿಲೀಸ್ ಅರ್ಧ ಟೈಮಲ್ಲಿ ಆಗಲ್ವಲ್ಲ, ಹಾಗೇ.

ಹಾಗಾಗಿ 100ಕ್ಕೂ 200ಕ್ಕೂ ನಡುವಿನ ವ್ಯತ್ಯಾಸಕ್ಕೆ ದುಡ್ಡು ಸುರಿಯೋ ಮುಂಚೆ 'ಸೆನ್ಸಿಟಿವಿಟಿ' ನೋಡಿ. ಅಂದ್ರೆ, 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅಂತ. 94 ಇರೋ ಸ್ಪೀಕರಿಗೆ 10 ವ್ಯಾಟ್ ಕೊಟ್ಟರೂ ಒಂದೇ, 84 ಇರೋದಕ್ಕೆ 100 ವ್ಯಾಟ್ ಕೊಟ್ಟರೂ ಒಂದೇ. ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು ಅದು ಎಷ್ಟು ತಿನ್ನುತ್ತೆ ಅನ್ನೋದನ್ನ. ಎಷ್ಟು ದುಡಿಯುತ್ತೆ ಅನ್ನೋದು ಸಣ್ಣಕ್ಷರದಲ್ಲಿರುತ್ತೆ. ಅದನ್ನ ಓದಿ, ಆಮೇಲೆ ಕಾರ್ಡ್ ತೆಗೀರಿ. ಮುಂದಿನ ವಿಡಿಯೋದಲ್ಲಿ ಸಿಗೋಣ.