ದ್ವಿತೀಯಾಪರಾಧದ ದಂಡವೂ ಆಯುಧಶಾಸನವೂ

ಶಹಾಬಾದಿನ ಸಮೀಪದ ಮರತೂರು ಮಿತಾಕ್ಷರಾಕಾರನಾದ ವಿಜ್ಞಾನೇಶ್ವರನ ಊರೆಂದು ವಿದ್ವಜ್ಜನರಲ್ಲಿ ಪ್ರಸಿದ್ಧವಾಗಿರುವುದು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (ಕ್ರಿ. ಶ. 1076–1126) ಯಾಜ್ಞವಲ್ಕ್ಯಸ್ಮೃತಿಗೆ ರಚಿತವಾದ ಆ ವ್ಯಾಖ್ಯಾನದ ದಾಯಭಾಗವನ್ನು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದನು, ಅಲ್ಲಿಂದ ಮುಂದೆ ಅದು ನ್ಯಾಯಸ್ಥಾನಗಳಲ್ಲಿ ಪ್ರಮಾಣವಾಯಿತು. ದಂಡಭಾಗಕ್ಕೆ ಆ ಯೋಗ ಬರಲಿಲ್ಲ. ಅದು ಪಾಠಶಾಲೆಗಳಲ್ಲಿಯೇ ಉಳಿಯಿತು. ಆದರೆ ಅಲ್ಲಿ ವಿಚಾರಿತವಾದ ಪ್ರಶ್ನೆಯೊಂದು, ಎಂದರೆ ತಪ್ಪನ್ನು ಮರಳಿ ಮಾಡಿದವನಿಗೆ ಎಷ್ಟು ದಂಡವೆಂಬುದು, ಮರತೂರಿನ ಸುತ್ತಣ ಶಹಾಬಾದು, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸೀಮೆಯಲ್ಲಿಯೇ ಮುಂದೆ ವಿಲಕ್ಷಣವಾದ ರೂಪಗಳನ್ನು ತಾಳಿತು.

ಯಾಜ್ಞವಲ್ಕ್ಯನು ಧಿಗ್ದಂಡ, ವಾಗ್ದಂಡ, ಧನದಂಡ, ವಧದಂಡಗಳೆಂದು ನಾಲ್ಕನ್ನು ಹೇಳಿ, ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕರ್ಮ, ವಿತ್ತಗಳನ್ನು ಅರಿತು ಪ್ರಯೋಗಿಸಬೇಕೆಂದು ವಿಧಿಸುತ್ತಾನೆ. ಗಂಟುಗಳ್ಳನ ವಿಷಯದಲ್ಲಿ ಮಾತ್ರ ಆವೃತ್ತಿಯ ಎಣಿಕೆ ಸ್ಪಷ್ಟವಾಗಿದೆ: ಮೊದಲ ಸಲ ಹೆಬ್ಬೆರಳು ತೋರುಬೆರಳುಗಳಿಗೆ ಹಾನಿ, ಎರಡನೆಯ ಸಲ ಒಂದು ಕೈಗೂ ಒಂದು ಕಾಲಿಗೂ ಹಾನಿ. ಮನುವು ಮೂರನೆಯ ಸಲಕ್ಕೆ ವಧೆಯನ್ನೇ ವಿಧಿಸಿದ್ದಾನೆ. ದಂಡವು ಕ್ರೂರವೆಂಬುದರಲ್ಲಿ ಸಂಶಯವಿಲ್ಲ. ವರ್ಣಭೇದದಿಂದ ದಂಡಭೇದವೂ ಸ್ಮೃತಿಗಳಲ್ಲಿ ಇದ್ದೇ ಇದೆ, ಅದನ್ನು ಮರೆಮಾಚುವುದು ವಿದ್ವತ್ತಿಗೆ ಒಪ್ಪದು. ಆದರೂ ಈ ವಿಧಿಯಲ್ಲಿ ಎಣಿಸಲ್ಪಡುವುದು ಕೃತ್ಯವೇ ಹೊರತು ಕುಲವಲ್ಲ. ಮೊದಲ ತಪ್ಪಿನ ದಾಖಲೆಯಾದರೋ ಅಪರಾಧಿಯ ಕೈಯಲ್ಲಿಯೇ ಉಳಿಯುತ್ತಿತ್ತು.

ಕಂಪೆನಿ ಸರಕಾರವು 1857ರಲ್ಲಿ ಹೊರಡಿಸಿದ ಆಯುಧಶಾಸನದ ದಾರಿಯೇ ಬೇರೆ. ಆಯುಧದಿಂದ ಅಪರಾಧ ನಡೆಯುವುದಕ್ಕೆ ಮೊದಲೇ ಆಯುಧವನ್ನು ಕಿತ್ತುಕೊಳ್ಳುವುದು ಅದರ ಉದ್ದೇಶ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ವರ್ಷದ ನವಂಬರಿನಲ್ಲಿ ಆಯುಧ ಒಪ್ಪಿಸದೆ ಎದುರುಬಿದ್ದುದನ್ನು ಫ್ಲೀಟರು ಸಂಗ್ರಹಿಸಿದ ಲಾವಣಿಯಿಂದ ಸಾಹಿತ್ಯಾಭ್ಯಾಸಿಗಳೆಲ್ಲರೂ ಬಲ್ಲರು. 1878ರ ಶಾಸನವು ಲೈಸೆನ್ಸಿನ ಪದ್ಧತಿಯನ್ನು ಬ್ರಿಟಿಷ್ ಭಾರತದಲ್ಲೆಲ್ಲ ನೆಲೆಗೊಳಿಸಿತು. ಸೇಡಂ, ಚಿತ್ತಾಪುರಗಳ ಸೀಮೆ ನಿಜಾಮರ ರಾಜ್ಯಕ್ಕೆ ಸೇರಿದುದರಿಂದ ಬ್ರಿಟಿಷ್ ಭಾರತದ ಶಾಸನಗಳು ಇಲ್ಲಿಯ ಊರುಗಳಿಗೆ ತಾವಾಗಿ ಅನ್ವಯಿಸುತ್ತಿರಲಿಲ್ಲ. ಅವು ಇಲ್ಲಿಗೆ ಬಂದುದು ರೈಲಿನ ಹಳಿಯ ಮೇಲೆ.

ಮುಂಬಯಿಯಿಂದ ರಾಯಚೂರಿಗೆ ಹೋಗುವ ದಾರಿ ಶಹಾಬಾದು, ವಾಡಿಗಳ ಮೇಲೆ ಹಾಯ್ದು 1871ರಲ್ಲಿ ಪೂರ್ಣವಾಯಿತು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಹೈದರಾಬಾದಿಗೆ ಹೋಗುವ ದಾರಿ 1874ರಲ್ಲಿ ತೆರೆಯಿತು. ರೈಲುಭೂಮಿಯ ಮೇಲಿನ ನ್ಯಾಯಾಧಿಕಾರವನ್ನು ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಹೀಗೆ ವಾಡಿಯ ನಿಲ್ದಾಣದಲ್ಲಿ ಒಂದು ನ್ಯಾಯ, ಬೇಲಿ ದಾಟಿದರೆ ಹೊಲದಲ್ಲಿ ಮತ್ತೊಂದು ನ್ಯಾಯ. ಹಳಿಯಿಂದ ದೂರವಿದ್ದ ಚಿಂಚೋಳಿಗೆ ನಿಜಾಮರ ನ್ಯಾಯವೊಂದೇ. ಈ ಅಧಿಕಾರದ ಎಲ್ಲೆಯೇನೆಂಬುದು ಅದೇ ದಾರಿಯ ಶಂಕರಪಳ್ಳಿ ನಿಲ್ದಾಣದಲ್ಲಿ ನಡೆದ ಒಂದು ಬಂಧನದಿಂದ ಚರ್ಚೆಗೆ ಬಂದಿತು. ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನಿಂದ ನಿಜಾಮರ ಪ್ರಜೆಯೊಬ್ಬನನ್ನು ಅಲ್ಲಿ ಹಿಡಿದಿದ್ದರು. ಬಿಟ್ಟುಕೊಟ್ಟ ಅಧಿಕಾರವು ರೈಲಿಗೆ ಸಂಬಂಧಿಸಿದ ವಿಷಯಗಳಿಗಷ್ಟೇ ಮೀಸಲೆಂದೂ ಆ ಬಂಧನವು ನ್ಯಾಯಬಾಹಿರವೆಂದೂ ಪ್ರಿವಿ ಕೌನ್ಸಿಲು 1897ರಲ್ಲಿ ತೀರ್ಮಾನಿಸಿತು.

ಪುನರಪರಾಧಿಯ ವಿಷಯಕ್ಕೆ ಇದರಿಂದ ಒದಗಿದ ತೊಡಕು ಸ್ವಾರಸ್ಯವಾಗಿದೆ. 1860ರ ದಂಡಸಂಹಿತೆಯ 75ನೆಯ ಪ್ರಕರಣವು ನಾಣ್ಯ ಮತ್ತು ಸ್ವತ್ತುಗಳ ಬಗೆಗಿನ ಘೋರಾಪರಾಧಗಳನ್ನು ಎರಡನೆಯ ಸಲ ಮಾಡಿದವನಿಗೆ ದ್ವೀಪಾಂತರವನ್ನೋ ಇಮ್ಮಡಿ ದಂಡವನ್ನೋ ವಿಧಿಸಿತ್ತು. ಕಾರಾವಾಸವು ಮಾತ್ರ 10 ವರ್ಷವನ್ನು ಮೀರಬಾರದು. ಆದರೆ ಮೊದಲ ಶಿಕ್ಷೆಯು ಆ ಸಂಹಿತೆಯಂತೆಯೇ ಆಗಿರಬೇಕು. ದೇಶೀಯ ಸಂಸ್ಥಾನಗಳಲ್ಲಿ ಗವರ್ನರ್ ಜನರಲರ ಅಧಿಕಾರದಿಂದ ನಡೆಯುವ ಕೋರ್ಟುಗಳ ಶಿಕ್ಷೆಯನ್ನೂ ಎಣಿಕೆಗೆ ತೆಗೆದುಕೊಳ್ಳುವಂತೆ 1910ರಲ್ಲಿ ತಿದ್ದುಪಡಿಯಾಯಿತು. ಆದುದರಿಂದ ವಾಡಿಯ ನಿಲ್ದಾಣದಲ್ಲಿ ಕದ್ದು ರೈಲು ಕೋರ್ಟಿನಲ್ಲಿ ಶಿಕ್ಷೆ ಹೊಂದಿದವನು ಮರಳಿ ಸೊಲ್ಲಾಪುರದಲ್ಲಿ ಸಿಕ್ಕಿಬಿದ್ದರೆ ದ್ವಿತೀಯಾಪರಾಧಿ. ಚಿಂಚೋಳಿಯಲ್ಲಿ ನಿಜಾಮರ ಕೋರ್ಟಿನಿಂದ ಶಿಕ್ಷಿತನಾಗಿ ಬಂದವನು ಅಲ್ಲಿ ಪ್ರಥಮಾಪರಾಧಿ! ಕೃತ್ಯ ಒಂದೇ, ಎಣಿಕೆ ಎರಡು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1951ರಲ್ಲಿ ಭಾರತ ದಂಡಸಂಹಿತೆ ಅಲ್ಲಿಗೂ ವ್ಯಾಪಿಸಿತು. ಅದೇ ಶಾಸನದಿಂದ 1910ರ ಆ ಉಪವಿಧಿ ಲೋಪವಾಯಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂದಿತು. ಸಂವಿಧಾನವು ಆಯುಧ, ಮದ್ದುಗುಂಡುಗಳ ಶಾಸನಾಧಿಕಾರವನ್ನು ಕೇಂದ್ರಕ್ಕೆ ವಹಿಸಿದುದರಿಂದ ಬಂದೂಕಿನ ಅಪರಾಧಕ್ಕೆ ಇಷ್ಟು ವರ್ಷವೆಂದು ರಾಜ್ಯವು ತಾನೇ ಗೊತ್ತುಮಾಡುವುದು ಸುಲಭವಲ್ಲ. ಲೈಸೆನ್ಸು, ತನಿಖೆ, ಮೊಕದ್ದಮೆಗೆ ಜಿಲ್ಲಾಧಿಕಾರಿಯ ಅನುಮತಿ ಇವೇ ಸ್ಥಳೀಯ ಕಾರ್ಯಗಳು. 1959ರ ಆಯುಧ ಕಾಯಿದೆಯ 31ನೆಯ ಪ್ರಕರಣವು, ಆ ಕಾಯಿದೆಯಂತೆ ಒಮ್ಮೆ ಶಿಕ್ಷಿತನಾದವನು ಮರಳಿ ಶಿಕ್ಷಿತನಾದರೆ ಎರಡನೆಯ ಅಪರಾಧಕ್ಕೆ ಹೇಳಿದ ದಂಡದ ಇಮ್ಮಡಿಗೆ ಗುರಿಯೆಂದು ವಿಧಿಸುತ್ತದೆ. 2019ರ ತಿದ್ದುಪಡಿಯಿಂದ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡವನಿಗೆ 2ರಿಂದ 5 ವರ್ಷ. ಲೈಸೆನ್ಸಿಲ್ಲದೆ ಬಂದೂಕನ್ನು ತಯಾರಿಸಿ ಮಾರುವವನಿಗೆ 7 ವರ್ಷ ಮೊದಲ್ಗೊಂಡು ಆಜೀವ ಕಾರಾವಾಸ. ಆಜೀವವನ್ನು ಇಮ್ಮಡಿಸುವುದು ಹೇಗೆಂಬುದನ್ನು ಆ ಪ್ರಕರಣವು ಹೇಳಿಲ್ಲ. ಮೀಮಾಂಸಕರಿಗೆ ಒಳ್ಳೆಯ ಪೂರ್ವಪಕ್ಷ.

ಈ ಇಮ್ಮಡಿದಂಡವು ಕಠೋರವಾದರೂ ಕೃತ್ಯವನ್ನು ಎಣಿಸತಕ್ಕದ್ದು; ಎರಡು ತೀರ್ಪುಗಳು ಕಣ್ಣೆದುರಿಗಿಲ್ಲದೆ ಅದು ನಡೆಯದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಾದರೋ ಹುಟ್ಟಿದ ಕುಲವನ್ನೇ ಮೊದಲ ಅಪರಾಧವೆಂದು ಹಿಡಿಯಿತು. ತುಂಡರಿಸಿದ ಬೆರಳಿಗಿಂತ ಇದು ಹಗುರವಾದ ದಂಡವೆಂದು ಹೇಳಲು ಬಾರದು, ಏಕೆಂದರೆ ಬೆರಳು ಕಳೆದುಕೊಂಡವನ ಮಗನಿಗೆ ಬೆರಳಿರುತ್ತಿತ್ತು. ಆ ಕಾಯಿದೆ 1911, 1924ರ ರೂಪಾಂತರಗಳನ್ನು ದಾಟಿ 1952ರಲ್ಲಿ ರದ್ದಾಯಿತು. ಅದರ ಸ್ಥಾನದಲ್ಲಿ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆಗಳನ್ನು ಮಾಡಿದುವು. ಮೈಸೂರು ರಾಜ್ಯದ್ದು 1961ರದು. ಇವು ಅಕ್ಷರಶಃ ವ್ಯಕ್ತಿಯ ಹಿಂದಣ ಶಿಕ್ಷೆಗಳನ್ನೇ ಎಣಿಸುತ್ತವೆ. ಪ್ರಯೋಗದಲ್ಲಿ ಹಳೆಯ ಪಟ್ಟಿಯ ಕುಲಗಳ ಮೇಲೆಯೇ ಸಂಶಯ ಮರುಕಳಿಸಿತೆಂಬ ಆಕ್ಷೇಪವಿದೆ. ಕಾರಾಗೃಹಗಳ ಜಾತಿಭೇದದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 3ರಂದು, ಕಾರಾಗೃಹದ ನಿಯಮಗಳಲ್ಲಿ ಬರುವ ಆ ಶಬ್ದಕ್ಕೆ ರಾಜ್ಯದ ಶಾಸನದಲ್ಲಿರುವ ಲಕ್ಷಣವನ್ನೇ ಗ್ರಹಿಸಬೇಕೆಂದು ವಿಧಿಸಿ, ಇಂಥ ಕಾಯಿದೆಗಳ ಅಗತ್ಯವನ್ನೇ ರಾಜ್ಯಗಳು ಪುನರ್ವಿಮರ್ಶಿಸುವುದು ಯುಕ್ತವೆಂದು ಸೂಚಿಸಿದೆ.